ಒಂದೇ ಸಂಚು, ಎರಡು ಕಾಲ: ರಿಮೇಕ್ ಬರೆಯಲು ನಾನು ಕಲಿತದ್ದು

ಧಾರಾವಾಹಿಗಳಿಗೆ ಚಿತ್ರಕಥೆ ಬರೆಯುವುದು ನನ್ನ ಕೆಲಸ. ಅದರಲ್ಲಿ ರಿಮೇಕ್‌ಗಳೇ ಜಾಸ್ತಿ. ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು ಅನ್ನುವುದೇ ಇಲ್ಲಿ ದೊಡ್ಡ ತಲೆನೋವು. ಅದಕ್ಕೊಂದು ದಾರಿ ಸಿಕ್ಕಿದ್ದು ಸೇನಾ ಕ್ಷಿಪ್ರಕ್ರಾಂತಿಯ ಕಥೆಯೊಂದರಿಂದ: 1964ರ ಅಮೆರಿಕನ್ ಸಿನಿಮಾ ‘ಸೆವೆನ್ ಡೇಸ್ ಇನ್ ಮೇ’, ಮತ್ತು ಅದನ್ನೇ ಅಮೆರಿಕದ ಟಿವಿ ವಾಹಿನಿ ಎಚ್‌ಬಿಒ 1994ರಲ್ಲಿ ಟಿವಿಗೆ ಮಾಡಿದ ‘ದಿ ಎನಿಮಿ ವಿದಿನ್’.

ಪುಟದ ನಡುವೆ ಗೆರೆ ಎಳೆದುಕೊಂಡೆ. ಎಡಗಡೆ ದೃಶ್ಯದಲ್ಲಿ ನಡೆದದ್ದು. ಬಲಗಡೆ, ಆ ಹೊತ್ತಿಗೆ ಸಂಚಿನ ಸುಳಿವು ಹಿಡಿಯುವ ಸೇನಾಧಿಕಾರಿ ಕರ್ನಲ್ ಕೇಸಿಗೆ ಎಷ್ಟು ಗೊತ್ತು ಅನ್ನುವುದು.

ಹಳೆಯ ಸಿನಿಮಾದಲ್ಲಿ ಬಲಗಡೆ ತುಂಬುವ ಚಂದವೇ ಬೇರೆ. ಮೊದಲು ಬರುವುದು ಕುದುರೆ ರೇಸಿನ ಬಾಜಿ. ಅಮೆರಿಕದ ಅಧ್ಯಕ್ಷನನ್ನು ಕೆಳಗಿಳಿಸಲು ಸಂಚು ಹೂಡಿದ ಜನರಲ್ ಸ್ಕಾಟ್ ದೊಡ್ಡ ದೊಡ್ಡ ಸೇನಾಧಿಕಾರಿಗಳಿಗೆ ಪ್ರೀಕ್‌ನೆಸ್ ರೇಸಿನ ಬಗ್ಗೆ ಸಂದೇಶ ಕಳಿಸಿದ್ದಾನೆ. ಸುಮ್ನೆ ಒಂದು ಮೋಜು ಅನ್ನಿಸುತ್ತದೆ. ಆದರೆ ಒಬ್ಬ ಅಡ್ಮಿರಲ್ ಮಾತ್ರ ಒಲ್ಲೆ ಅಂದಿದ್ದಾನೆ. ಆಮೇಲೆ ಒಂದು ಮುದುಡಿದ ಚೀಟಿ. ಜೊತೆಗೆ ‘ಇಕಾಮ್‌ಕಾನ್’ ಅನ್ನುವ, ಕೇಸಿ ಕೇಳೇ ಇರದ ಸೇನಾ ತುಕಡಿ. ದೇಶದ ಫೋನು, ರೇಡಿಯೋ, ಟಿವಿಗಳನ್ನು ಕೈವಶ ಮಾಡಿಕೊಳ್ಳುವುದಕ್ಕೇ ಅದು ಇರುವುದು. ಒಂದು ಟ್ಯಾಂಕೂ ರಸ್ತೆಗಿಳಿಯುವುದಿಲ್ಲ. ಆದರೂ ನೋಡುವವರ ಎದೆ ಹೊಡೆದುಕೊಳ್ಳುತ್ತದೆ.

ನನಗೆ ಅತಿ ಇಷ್ಟವಾದದ್ದು ಅಧ್ಯಕ್ಷ ಮತ್ತು ಸ್ಕಾಟ್ ಎದುರುಬದುರಾಗುವ ದೃಶ್ಯ. ಸ್ಕಾಟ್ ತನ್ನ ಹಳೆಯ ಪ್ರೇಯಸಿಗೆ ಬರೆದ ಪತ್ರಗಳು ಅಧ್ಯಕ್ಷನ ವಶದಲ್ಲಿವೆ. ತೋರಿಸಿದರೆ ಜನರಲ್‌ನ ಮಾನ ಹೋಗುತ್ತದೆ. ಅಧ್ಯಕ್ಷ ತೋರಿಸುವುದಿಲ್ಲ. ಅಧಿಕಾರ ಬೇಕಿದ್ದರೆ ಚುನಾವಣೆಗೆ ನಿಲ್ಲು ಅನ್ನುವ ವಾದವನ್ನೇ ಹಿಡಿದು ನಿಲ್ಲುತ್ತಾನೆ. ನಮ್ಮ ಧಾರಾವಾಹಿಯಾಗಿದ್ದರೆ ಆ ಪತ್ರಗಳನ್ನು ಮೇಜಿನ ಮೇಲೆ ಎಸೆಯುವಲ್ಲಿಗೇ ಸಂಚಿಕೆ ಮುಗಿಸುತ್ತಿದ್ದೆವು, ಅಲ್ವಾ? ಹಾಗೆ ಮಾಡಿದರೆ ಕಥೆಯ ಬೆನ್ನುಮೂಳೆಯೇ ಮುರಿಯುತ್ತದೆ.

ಟಿವಿ ಬರಹಗಾರರಿಗೆ ಎದುರಾದ ಕಷ್ಟ ಬೇರೆ. 1964ರಲ್ಲಿ ಜನರಲ್‌ನ ಸಿಟ್ಟು ಸೋವಿಯತ್ ಒಕ್ಕೂಟದ ಜೊತೆಗಿನ ಅಣ್ವಸ್ತ್ರ ಒಪ್ಪಂದದ ಮೇಲೆ. 1991ರಲ್ಲಿ ಆ ಒಕ್ಕೂಟವೇ ಇಲ್ಲವಾಯಿತು. ಹಾಗಾಗಿ ಜಗಳವನ್ನು ಸೇನೆಯ ಖರ್ಚಿನ ಕಡೆಗೆ ತಿರುಗಿಸಿದರು. ಇದು ಸರಿಯಾದ ತೀರ್ಮಾನ. ಕೇಸಿಯಾಗಿ ಫಾರೆಸ್ಟ್ ವಿಟೇಕರ್, ಜನರಲ್ ಆಗಿ ಜೇಸನ್ ರಾಬರ್ಡ್ಸ್ ಇದ್ದಾರೆ, ನಟನೆಗೆ ಕೊರತೆಯಿಲ್ಲ. ಆದರೆ ಸುಮಾರು ಎರಡು ಗಂಟೆಯ ಕಥೆ ಒಂದೂವರೆ ಗಂಟೆಗೆ ಇಳಿದಿದೆ. ನನ್ನ ಪುಟದ ಬಲಗಡೆ ಬೇಗ ತುಂಬಿಬಿಟ್ಟಿತು. ಅನುಮಾನ ಬೆಳೆಯಲು ಜಾಗವೇ ಸಿಗಲಿಲ್ಲ.

ಟಿವಿ ಅಂದರೆ ಕಡಿಮೆ ದರ್ಜೆ ಅಂತ ಇದರರ್ಥವಲ್ಲ. ಮೂಲ ಚಿತ್ರದ ನಿರ್ದೇಶಕ ಜಾನ್ ಫ್ರಾಂಕನ್‌ಹೈಮರ್, ಚಿತ್ರಕಥೆ ಬರೆದ ರಾಡ್ ಸರ್ಲಿಂಗ್ ಇಬ್ಬರೂ ಟಿವಿಯಿಂದಲೇ ಬಂದವರು. 1994ರಲ್ಲಿ ಫ್ರಾಂಕನ್‌ಹೈಮರ್ ಅದೇ ಎಚ್‌ಬಿಒಗೆ ಬೇರೆ ಚಿತ್ರಗಳನ್ನು ಮಾಡುತ್ತಿದ್ದರು!

ಈಗ ಯಾವ ರಿಮೇಕ್ ಬಂದರೂ ತಂಡಕ್ಕೆ ಮೊದಲು ಕೇಳುವುದು: ಅಲ್ಲಿ ಸಿಟ್ಟು ಯಾವುದರ ಮೇಲೆ, ಇಲ್ಲಿ ಯಾವುದರ ಮೇಲೆ? ಅದನ್ನು ಧಾರಾಳವಾಗಿ ಬದಲಿಸುತ್ತೇವೆ. ಯಾರಿಗೆ ಏನು ಯಾವಾಗ ಗೊತ್ತಾಗುತ್ತದೆ ಅನ್ನುವ ಕ್ರಮವನ್ನು ಮಾತ್ರ ಮುಟ್ಟುವುದಿಲ್ಲ. ಸದ್ಯ ಕಾದಂಬರಿಯೊಂದನ್ನು ಆಧರಿಸಿದ ಬ್ರಿಟನ್ನಿನ ಟಿವಿ ಧಾರಾವಾಹಿ ‘ಎ ವೆರಿ ಬ್ರಿಟಿಷ್ ಕೂ’ (1988) ಮತ್ತು ಅದೇ ಕಾದಂಬರಿಯಿಂದ ಹುಟ್ಟಿದ ‘ಸೀಕ್ರೆಟ್ ಸ್ಟೇಟ್’ (2012) ಎರಡನ್ನೂ ಹೀಗೇ ಗೆರೆ ಎಳೆದು ನೋಡುತ್ತಿದ್ದೇನೆ. ಮೊದಲನೆಯದರಲ್ಲಿ ಎಡಪಂಥೀಯ ಪ್ರಧಾನಿಯ ಬೆನ್ನು ಹತ್ತುವವರು ಗುಪ್ತಚರರು ಮತ್ತು ಪತ್ರಿಕೆಯ ದೊರೆ. ಎರಡನೆಯದರಲ್ಲಿ ಕಥೆ ಶುರುವಾಗುವುದೇ ಒಂದು ಪೆಟ್ರೋಕೆಮಿಕಲ್ ಕಂಪನಿಯ ಸ್ಥಾವರದ ಸ್ಫೋಟದಿಂದ.