ತುರುವನೂರಿನ ಈಚಲು ಮರದ ಕಥೆ ಬರೆದುಕೊಳ್ಳುವುದು ಹೇಗೆ

ಚಿತ್ರದುರ್ಗ ಅಂದರೆ ಎಲ್ಲರೂ ಕೋಟೆಗೇ ಹೋಗುತ್ತಾರೆ. ನೀವು ಒಮ್ಮೆ ತುರುವನೂರಿಗೂ ಹೋಗಿ. 1939ರಲ್ಲಿ ಅಲ್ಲಿ ಜನ ಈಚಲು ಮರ ಕಡಿದು ಸತ್ಯಾಗ್ರಹ ಮಾಡಿದರು. ಆ ಮರದಿಂದ ಇಳಿಸುವ ಹೆಂಡದಿಂದ ಸರ್ಕಾರಕ್ಕೆ ದುಡ್ಡು ಬರುತ್ತಿತ್ತಲ್ವಾ, ಕೊಡಲಿ ಏಟು ನೇರ ಖಜಾನೆಗೇ ಬಿತ್ತು.

ಕಣ್ಣಾರೆ ಕಂಡವರು ಸಿಗುವುದು ಕಷ್ಟ, ಅವರ ಮಕ್ಕಳು, ಸೊಸೆಯಂದಿರನ್ನು ಹುಡುಕಿ. ಹೋದ ಕೂಡಲೇ ಮೊಬೈಲ್ ಹಿಡಿಯಬೇಡಿ. ಜಗುಲಿ ಮೇಲೆ ಕೂತು, ಟೀ ಕುಡಿದು, ನಿಧಾನಕ್ಕೆ "ಅಜ್ಜಾ, ನಿಮ್ಮಪ್ಪ ತಗೊಂಡು ಹೋಗಿದ್ದ ಕೊಡ್ಲಿ ಇನ್ನೂ ಮನೇಲಿ ಇದೆಯಾ?" ಅಂತ ಕೇಳಿ. ಇಸವಿ ಕೇಳಿದರೆ ಸುಮ್ನೆ ಕೂರುವವರು ಕೊಡಲಿ ಅಂದರೆ ಗಂಟೆಗಟ್ಟಲೆ ಮಾತಾಡುತ್ತಾರೆ.

ಅವರ ಮಾತನ್ನು ತಿದ್ದಬೇಡಿ. ಇಸವಿಗೆ ಜಿಲ್ಲಾ ಗೆಜೆಟಿಯರ್ (ಜಿಲ್ಲೆಯ ಬಗ್ಗೆ ಸರ್ಕಾರ ಹೊರತಂದ ಮಾಹಿತಿ ಪುಸ್ತಕ) ನೋಡಿ. ಹೆಂಗಸರನ್ನು ಬೇರೆಯಾಗಿ ಕೇಳಿ, ಗಂಡಸರು ಜೈಲಿನಲ್ಲಿದ್ದಾಗ ಮನೆಯ ಒಲೆ ಹೇಗೆ ಉರಿಯಿತು ಅನ್ನೋದು ಅವರಿಗೇ ಗೊತ್ತು.