ಅಪ್‌ಗ್ರೇಡ್ ಬಳಿಕ ವೈಫೈ ಮಾಯವೇ? ಲಿನಕ್ಸ್ ಡ್ರೈವರ್ ಸರಿಪಡಿಸುವುದು ಹೀಗೆ

ಲಿನಕ್ಸ್‌ನ ಒಂದು ರೂಪವಾದ ಉಬುಂಟು 22.04ರಿಂದ 24.04ಕ್ಕೆ ಅಪ್‌ಗ್ರೇಡ್ ಆದ ಲ್ಯಾಪ್‌ಟಾಪ್‌ನಲ್ಲಿ ವೈಫೈ ಚಿಹ್ನೆಯೇ ಕಾಣದಿದ್ದರೆ, ಅಥವಾ ಸಂಪರ್ಕ ಸಿಕ್ಕ ಕೆಲವೇ ನಿಮಿಷಗಳಲ್ಲಿ ವೈಫೈ ಕಾರ್ಡನ್ನು ನಡೆಸುವ ತಂತ್ರಾಂಶವಾದ ಡ್ರೈವರ್ ಕ್ರ್ಯಾಶ್ ಆಗುತ್ತಿದ್ದರೆ, ಎಲ್ಲವನ್ನೂ ಅಳಿಸಿ ಹೊಸದಾಗಿ ಇನ್‌ಸ್ಟಾಲ್ ಮಾಡುವ ಆತುರ ಬೇಡ. ಹಳೆಯ ಕರ್ನಲ್ (ಲಿನಕ್ಸ್‌ನ ತಿರುಳಾದ ತಂತ್ರಾಂಶ) ಸಾಮಾನ್ಯವಾಗಿ ಡಿಸ್ಕ್‌ನಲ್ಲೇ ಉಳಿದಿರುತ್ತದೆ. ಯಂತ್ರ ಶುರುವಾಗುವಾಗಿನ ಗ್ರಬ್ ಮೆನುವಿನ ‘ಅಡ್ವಾನ್ಸ್‌ಡ್ ಆಪ್ಷನ್ಸ್’ನಲ್ಲಿ ಅದನ್ನು ಆರಿಸಿ ನೋಡಿ, ಅಲ್ಲಿ ವೈಫೈ ಸರಿಯಾಗಿ ನಡೆದರೆ ಕಾರ್ಡ್ ಕೆಟ್ಟಿಲ್ಲ ಎಂದರ್ಥ.

ಬಳಿಕ ಹೊಸ ಕರ್ನಲ್‌ಗೆ ಮರಳಿ, ಆಂಡ್ರಾಯ್ಡ್ ಫೋನನ್ನು ಕೇಬಲ್‌ನಿಂದ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದರೆ ದುರಸ್ತಿಗೆ ಬೇಕಾದಷ್ಟು ಇಂಟರ್ನೆಟ್ ಸಿಗುತ್ತದೆ. ಟರ್ಮಿನಲ್‌ನಲ್ಲಿ ‘ಎಲ್‌ಎಸ್‌ಪಿಸಿಐ -ಎನ್‌ಎನ್‌ಕೆ’ ಆಜ್ಞೆ ಕೊಡಿ. (ಆಜ್ಞೆಗಳನ್ನು ಇಲ್ಲಿ ಉಚ್ಚಾರಣೆಯಂತೆ ಬರೆದಿದೆ, ಟೈಪಿಸುವಾಗ ಇಂಗ್ಲಿಷಿನ ಸಣ್ಣ ಅಕ್ಷರಗಳನ್ನೇ ಬಳಸಬೇಕು.) ವೈಫೈ ಕಾರ್ಡ್‌ನ ಹೆಸರಿನ ಕೆಳಗೆ ‘ಕರ್ನಲ್ ಡ್ರೈವರ್ ಇನ್ ಯೂಸ್’ ಎಂಬ ಸಾಲು ಇಲ್ಲದಿದ್ದರೆ ಡ್ರೈವರ್ ಲೋಡ್ ಆಗಿಲ್ಲ.

ಬ್ರಾಡ್‌ಕಾಮ್ ಬಿಸಿಎಂ43142 ಚಿಪ್ ಇರುವ ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಈ ತೊಂದರೆ ಕಾಣಿಸುವುದುಂಟು. ಅದರ ‘ಡಬ್ಲ್ಯುಎಲ್’ ಡ್ರೈವರ್ ಕರ್ನಲ್‌ನ ಭಾಗವಲ್ಲ. ಕರ್ನಲ್ ಬದಲಾದಾಗಲೆಲ್ಲ ಡಿಕೆಎಂಎಸ್ ಎಂಬ ವ್ಯವಸ್ಥೆ ಅದನ್ನು ಹೊಸದಾಗಿ ಕಂಪೈಲ್ ಮಾಡಬೇಕು (ಮೂಲ ಕೋಡ್‌ನಿಂದ ಕಟ್ಟಬೇಕು), ಅದಕ್ಕೆ ಆ ಕರ್ನಲ್‌ನದ್ದೇ ಹೆಡರ್ ಕಡತಗಳು ಬೇಕು. ‘ಡಿಕೆಎಂಎಸ್ ಸ್ಟೇಟಸ್’ ಉತ್ತರದಲ್ಲಿ ಹೊಸ ಕರ್ನಲ್‌ನ ಎದುರು ‘ಇನ್‌ಸ್ಟಾಲ್ಡ್’ ಎಂದಿಲ್ಲದಿದ್ದರೆ, ಮೊದಲು ಹೆಡರ್ ಪ್ಯಾಕೇಜ್ ಹಾಕಿ, ಆಮೇಲೆ ಬ್ರಾಡ್‌ಕಾಮ್ ಪ್ಯಾಕೇಜನ್ನು ಮರುಸ್ಥಾಪಿಸಿ. ಈ ಕೆಲಸವನ್ನು ಹಳೆಯ ಕರ್ನಲ್‌ನಲ್ಲಿ ಕುಳಿತು ಮಾಡಿದರೆ ಚಾಲನೆಯಲ್ಲಿರುವ ಕರ್ನಲ್‌ನ ಆವೃತ್ತಿ ಹೇಳುವ ‘ಯುನೇಮ್ -ಆರ್’ ಆಜ್ಞೆ ಹಳೆಯ ಆವೃತ್ತಿಯನ್ನೇ ತೋರಿಸುತ್ತದೆ, ಹೆಡರೂ ಅದಕ್ಕೇ ಬರುತ್ತದೆ. ಹಲವರು ಎಡವುವುದು ಇಲ್ಲೇ. ಕಂಪೈಲ್ ಆಗಿಯೂ ‘ಕೀ ವಾಸ್ ರಿಜೆಕ್ಟೆಡ್ ಬೈ ಸರ್ವಿಸ್’ ಎಂದು ಬಂದರೆ, ಡ್ರೈವರ್‌ನ ಡಿಜಿಟಲ್ ಸಹಿಯನ್ನು ಸೆಕ್ಯೂರ್ ಬೂಟ್ (ನಂಬಿಕೆಯ ಸಹಿ ಇಲ್ಲದ ತಂತ್ರಾಂಶವನ್ನು ತಡೆಯುವ ರಕ್ಷಣೆ) ಒಪ್ಪಿಲ್ಲ. ‘ಮೋಕ್‌ಯುಟಿಲ್’ ಎಂಬ ಆಜ್ಞೆಯ ಮೂಲಕ ಸಹಿಯ ಕೀಲಿಯನ್ನು ನೋಂದಾಯಿಸಬೇಕು.

ಡ್ರೈವರ್ ಲೋಡ್ ಆಗಿ, ನಂತರ ಕುಸಿಯುವುದು ಬೇರೆಯೇ ಕಥೆ. ಯಂತ್ರ ರೀಸ್ಟಾರ್ಟ್ ಆದ ಮೇಲೆ ‘ಜರ್ನಲ್‌ಸಿಟಿಎಲ್ -ಕೆ -ಬಿ -1’ ಕೊಟ್ಟರೆ ಹಿಂದಿನ ಬೂಟ್‌ನ ಕರ್ನಲ್ ಲಾಗ್ ತೆರೆದುಕೊಳ್ಳುತ್ತದೆ. ಇಂಟೆಲ್‌ನ ಇ1000ಇ ಡ್ರೈವರ್ ಬಳಸುವ ಕೇಬಲ್ ಸಂಪರ್ಕದಲ್ಲಿ ‘ಡಿಟೆಕ್ಟೆಡ್ ಹಾರ್ಡ್‌ವೇರ್ ಯೂನಿಟ್ ಹ್ಯಾಂಗ್’ ಎಂಬ ಸಾಲು ಸಿಕ್ಕರೆ, ‘ಈಥ್‌ಟೂಲ್’ ಆಜ್ಞೆಯಿಂದ ಟಿಎಸ್‌ಒ ಸೌಲಭ್ಯವನ್ನು (ದತ್ತಾಂಶವನ್ನು ತುಂಡರಿಸುವ ಕೆಲಸವನ್ನು ನೆಟ್‌ವರ್ಕ್ ಕಾರ್ಡ್‌ಗೇ ಬಿಡುವುದು) ಆಫ್ ಮಾಡಿ ನೋಡಬಹುದು. ಪ್ರೊಸೆಸರ್‌ಗೆ ತುಸು ಹೊರೆ ಹೆಚ್ಚುತ್ತದೆ, ಆದರೆ ಸಂಪರ್ಕ ಕಡಿಯದೆ ಉಳಿಯುವ ಸಾಧ್ಯತೆಯಿದೆ. ಈ ಬದಲಾವಣೆ ರೀಸ್ಟಾರ್ಟ್ ಆದೊಡನೆ ಅಳಿಸಿಹೋಗುವುದರಿಂದ, ಪರಿಹಾರ ಫಲಿಸಿದರೆ ಅದನ್ನು ನೆಟ್‌ವರ್ಕ್‌ಮ್ಯಾನೇಜರ್‌ನ ಸಂಪರ್ಕದ ಸೆಟ್ಟಿಂಗ್‌ನಲ್ಲೇ ಸೇರಿಸಿಡಿ.