ಶುಗರ್ ಇರುವವರಲ್ಲಿ ಹಾರ್ಟ್ ಫೇಲ್ಯೂರ್: ನಾನು ಹುಡುಕುವ ರೀತಿ

ಹಾರ್ಟ್ ಫೇಲ್ಯೂರ್ ಅಂದರೆ ಹೃದಯ ನಿಂತುಹೋಗುವುದಲ್ಲ, ಅದು ಸರಿಯಾಗಿ ತುಂಬಿಕೊಂಡು ಮೈಗೆ ಬೇಕಾದಷ್ಟು ರಕ್ತ ಪಂಪ್ ಮಾಡಲಾಗದಿರುವುದು; ಇದರಿಂದ ದಮ್ಮು, ಕಾಲೂತ ಬರುತ್ತದೆ. ಶುಗರ್ ಇರುವವರನ್ನು "ದಮ್ಮು ಬರುತ್ತಾ?" ಅಂತ ಕೇಳಿದರೆ ಹೆಚ್ಚಿನವರು ಇಲ್ಲ ಅಂತಾರೆ. ಸುಳ್ಳಲ್ಲ, ದಮ್ಮು ಬರುವ ಕೆಲಸವನ್ನೇ ಬಿಟ್ಟಿರುತ್ತಾರೆ! ಅದಕ್ಕೇ ಈಗ ಬೇರೆ ಥರ ಕೇಳುತ್ತೇನೆ. "ಅಮ್ಮ, ಹೋದ ವರ್ಷ ಮಾಡ್ತಿದ್ದ ಯಾವ ಕೆಲಸ ಈಗ ಮಾಡ್ತಿಲ್ಲ?" ಆಗ ಹೊರಗೆ ಬರುತ್ತದೆ: ನೀರಿನ ಕೊಡ ಸೊಸೆ ಹೊರುತ್ತಾಳೆ, ಬಟ್ಟೆ ಒಣಹಾಕಲು ಮಹಡಿ ಹತ್ತೋದು ನಿಂತಿದೆ. "ವಯಸ್ಸಾಯ್ತಲ್ಲ ಡಾಕ್ಟ್ರೇ."

ಆಮೇಲೆ ದಿಂಬಿನ ವಿಚಾರ. ಮಲಗಿದಾಗ ದಮ್ಮು ಬರುತ್ತದೆಂದು ಒಂದಿದ್ದದ್ದು ಎರಡಾಯಿತಾ? ಕಾಲಿನ ಮುಂಭಾಗದ ಎಲುಬಿನ ಮೇಲೆ ಹೆಬ್ಬೆರಳು ಒತ್ತಿ ಸ್ವಲ್ಪ ಹೊತ್ತು ಹಿಡಿಯುತ್ತೇನೆ, ತೆಗೆದ ಮೇಲೂ ಗುಳಿ ಉಳಿದರೆ ಊತ. ಬಿಪಿಗೆ ಅಮ್ಲೋಡಿಪಿನ್ ತಗೊಳ್ಳುವವರಿಗೂ ಕಾಲು ಊದುತ್ತದೆ, ಗೊತ್ತಿರಲಿ.

ಏನೂ ತೊಂದರೆ ಹೇಳದವರಿಗೂ ವರ್ಷಕ್ಕೊಮ್ಮೆ ರಕ್ತದಲ್ಲಿ ಬಿಎನ್‌ಪಿ, ಎನ್‌ಟಿ-ಪ್ರೋಬಿಎನ್‌ಪಿ (ಎರಡೂ ಹೃದಯದ ಮೇಲೆ ಒತ್ತಡ ಬಿದ್ದಾಗ ಏರುತ್ತವೆ) ಅಥವಾ ಟ್ರೊಪೊನಿನ್ (ಹೃದಯದ ಸ್ನಾಯುವಿಗೆ ಪೆಟ್ಟಾದಾಗ ಏರುತ್ತದೆ) ನೋಡಿ ಅಂತ ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ 2022ರಲ್ಲಿ ಹೇಳಿತು. ಆದರೆ ಟೆಸ್ಟ್ ದುಬಾರಿ. ಎಲ್ಲರಿಗೂ ಬರೆಯಲು ನನ್ನ ಕೈ ಬರಲ್ಲ. ಹಳೆಯ ಶುಗರ್ ಜೊತೆ ಬಿಪಿ, ಮೂತ್ರದಲ್ಲಿ ಪ್ರೋಟೀನ್, ಮೊದಲೊಮ್ಮೆ ಹಾರ್ಟ್ ಅಟ್ಯಾಕ್, ಇಂಥವರಿಗೆ ಮೊದಲು. ಎನ್‌ಟಿ-ಪ್ರೋಬಿಎನ್‌ಪಿ 125 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಎಕೋ, ಅಂದರೆ ಹೃದಯದ ಸ್ಕ್ಯಾನ್. ದಪ್ಪ ಇರುವವರಲ್ಲಿ ಈ ಸಂಖ್ಯೆ ಕಡಿಮೆ ತೋರಿಸುತ್ತದೆ, ಕಿಡ್ನಿ ಕೆಟ್ಟವರಲ್ಲಿ, ವಯಸ್ಸಾದವರಲ್ಲಿ ಸುಮ್ನೆ ಏರಿರಬಹುದು. ಹಾಗಾಗಿ ಲಕ್ಷಣ ಇದ್ದರೆ 125ರ ಒಳಗೆ ಬಂದರೂ ಎಕೋ ಮಾಡಿಸುತ್ತೇನೆ.

ಎಕೋ ರಿಪೋರ್ಟಲ್ಲಿ ಇಎಫ್ (ಪ್ರತಿ ಬಡಿತಕ್ಕೆ ಹೃದಯದ ಎಡ ಕೆಳಕೋಣೆ ಹೊರದೂಡುವ ರಕ್ತದ ಶೇಕಡಾ ಪಾಲು) 60 ಅಂತ ಕಂಡರೆ ಮನೆಯವರು ನಿಟ್ಟುಸಿರು ಬಿಡುತ್ತಾರೆ. ನಾನು ಕೆಳಗಿನ ಸಾಲುಗಳಿಗೆ ಹೋಗುತ್ತೇನೆ. ಎಡ ಮೇಲ್ಕೋಣೆ ಹಿಗ್ಗಿದೆಯಾ, ಗೋಡೆ ದಪ್ಪವಾಗಿದೆಯಾ? ಶುಗರ್ ಇರುವವರಲ್ಲಿ ಎಷ್ಟೋ ಸಲ ಹೃದಯ ಹಿಂಡುವುದು ಚೆನ್ನಾಗೇ ಇರುತ್ತದೆ, ಸಡಿಲವಾಗಿ ತುಂಬಿಕೊಳ್ಳುವುದೇ ಕಷ್ಟ.

ಇಲ್ಲಿಂದ ಶುಗರ್ ಮಾತ್ರೆಯೂ ಬದಲಾಗುತ್ತದೆ. ಹಾರ್ಟ್ ಫೇಲ್ಯೂರ್ ಇದ್ದರೆ, ಕಿಡ್ನಿ ನೋಡಿಕೊಂಡು, ಹೃದಯಕ್ಕೂ ನೆರವಾಗುವ ಶುಗರ್ ಮಾತ್ರೆಗಳಾದ ಡಾಪಾಗ್ಲಿಫ್ಲೋಜಿನ್ ಅಥವಾ ಎಂಪಾಗ್ಲಿಫ್ಲೋಜಿನ್ ಸೇರಿಸುತ್ತೇನೆ. ಪಯೋಗ್ಲಿಟಾಜೋನ್ ನಿಲ್ಲಿಸುತ್ತೇನೆ, ಅದು ಮೈಯಲ್ಲಿ ನೀರು ನಿಲ್ಲಿಸುತ್ತದೆ. ತೊಂದರೆ ಏನೆಂದರೆ ಅದು ಗ್ಲಿಮೆಪಿರೈಡ್, ಮೆಟ್‌ಫಾರ್ಮಿನ್ ಜೊತೆ ಒಂದೇ ಮಾತ್ರೆಯಲ್ಲಿ ಅಡಗಿರುತ್ತದೆ, ರೋಗಿಗೆ ಗೊತ್ತೇ ಇರಲ್ಲ. ಹಾಗಾಗಿ ಚೀಟಿ ಸಾಲದು, ಸ್ಟ್ರಿಪ್‌ಗಳನ್ನೇ ತನ್ನಿ ಅನ್ನುತ್ತೇನೆ. ಮೇಜಿನ ಮೇಲೆ ಸುರಿದು, ತಿರುಗಿಸಿ, ಹಿಂದಿನ ಸಣ್ಣಕ್ಷರ ಓದುತ್ತೇನೆ.